ತಿದ್ದಿಕೊಳ್ಳುವ ಬಗೆ

ಗೋಡೆಯ ಗಡಿಯಾರ ಐದು ನಿಮಿಷ ಮುಂದಿದ್ದರೆ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತೇವೆ, ಅಲ್ಲಿಗೆ ಮುಗಿಯಿತು. ಗಣಕಯಂತ್ರಕ್ಕೆ ಈ ಸ್ವಾತಂತ್ರ್ಯ ಕಡಮೆ. ಅದು ತಾನು ಬರೆದುದಕ್ಕೆಲ್ಲ ವೇಳೆಯ ಮುದ್ರೆ ಒತ್ತುತ್ತ ಹೋಗುತ್ತದೆ. ಅದರ ಗಡಿಯಾರವನ್ನು ಥಟ್ಟನೆ ಹಿಂದಕ್ಕೆಳೆದರೆ, ಕಾಗದ ಬರುವ ಮೊದಲೇ ಉತ್ತರ ಹೋದಂತೆ ದಾಖಲೆಯಾದೀತು.

ಈ ಗಡಿಯಾರಗಳನ್ನು ದೂರದಿಂದಲೇ ಸರಿಪಡಿಸುವ ಕ್ರಮವನ್ನು ರೂಪಿಸಿದವರು ಅಮೆರಿಕದ ಡೇವಿಡ್ ಮಿಲ್ಸ್. ‘ನೆಟ್‌ವರ್ಕ್ ಟೈಮ್ ಪ್ರೋಟೊಕಾಲ್’ ಎಂಬ ಅದರ ವಿವರಣೆ 1985ರಲ್ಲಿ ಹೊರಬಂತು. ನಮ್ಮ ಯಂತ್ರ ತನ್ನ ವೇಳೆಯನ್ನು ಬರೆದು, ಸರಿಯಾದ ಸಮಯ ಬಲ್ಲ ಯಂತ್ರಕ್ಕೆ ಓಲೆ ಕಳಿಸುತ್ತದೆ. ಓಲೆ ತಲಪಿದ ವೇಳೆ, ಮರಳಿ ಹೊರಟ ವೇಳೆ ಎರಡನ್ನೂ ಆ ಯಂತ್ರ ಬರೆಯುತ್ತದೆ. ದಾರಿಯಲ್ಲಿ ಕಳೆದ ಹೊತ್ತನ್ನು ಅರ್ಧಮಾಡಿ ಲೆಕ್ಕ ಹಾಕಿದರೆ ತಪ್ಪೆಷ್ಟೆಂದು ತಿಳಿಯುತ್ತದೆ. ಹೋಗಲು ಹಿಡಿದಷ್ಟೇ ಹೊತ್ತು ಬರಲೂ ಹಿಡಿಯಿತೆಂದು ನಂಬಬೇಕು. ಇಷ್ಟೊಂದು ನಿಖರತೆಯ ಬುಡದಲ್ಲಿಯೂ ಒಂದು ನಂಬಿಕೆ!

ನನ್ನನ್ನು ಕಾಡಿದ್ದು ಇದರ ಮುಂದಿನ ಮಾತು. ತಪ್ಪು 1000 ಸೆಕೆಂಡು ಮೀರಿದರೆ, ಮಿಲ್ಸರ ತಂತ್ರಾಂಶ ತನ್ನ ಕೆಲಸವನ್ನೇ ನಿಲ್ಲಿಸಿ, ವಿಷಯವನ್ನು ಮನುಷ್ಯನಿಗೆ ಬಿಡುತ್ತದೆ. ತಪ್ಪು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಿದ್ದರೆ ಗಡಿಯಾರವನ್ನು ಜಗ್ಗುವುದಿಲ್ಲ. ನಡೆಯನ್ನು ತುಸು ನಿಧಾನಮಾಡುತ್ತದೆ, ಇಲ್ಲವೆ ಚುರುಕುಮಾಡುತ್ತದೆ. ಸೆಕೆಂಡಿಗೆ ಹೆಚ್ಚೆಂದರೆ ಎರಡು ಸಾವಿರದ ಒಂದು ಪಾಲಿನಷ್ಟು. ಆ ಪುಟ್ಟ ತಪ್ಪು ಕಳೆಯಲು 200 ಸೆಕೆಂಡಾದರೂ ಬೇಕು. ಅಷ್ಟು ಹೊತ್ತೂ ಯಂತ್ರ ನಿಜವನ್ನು ಬಲ್ಲುದು, ಹೇಳುವುದು ಬೇರೆಯದನ್ನು. ಇದು ಸುಳ್ಳೆ? ಸುಳ್ಳೆನ್ನಲು ನನ್ನ ನಾಲಿಗೆ ಏಳದು, ಏಕೆಂದರೆ ನಾನೂ ಇದನ್ನೇ ಮಾಡಿದ್ದೇನೆ.

ಒಂದು ಹಳಗನ್ನಡ ಪದ್ಯದ ಪದವೊಂದಕ್ಕೆ ಆರು ವರ್ಷ ತಪ್ಪು ಅರ್ಥ ಹೇಳಿದೆ. ತಿಳಿದ ಮೇಲೆ ತರಗತಿಯಲ್ಲಿ ಒಪ್ಪಿಕೊಳ್ಳಲಿಲ್ಲ. ಮೊದಲು ‘ಹೀಗೂ ಹೇಳುವುದುಂಟು’ ಎಂದೆ. ಮರುವರ್ಷ ‘ಹೀಗೆನ್ನುವುದೇ ಮೇಲು’ ಎಂದೆ. ಮೂರನೆಯ ವರ್ಷಕ್ಕೆ ಹಳೆಯ ಅರ್ಥದ ಸುದ್ದಿಯೇ ಇಲ್ಲ. ಯಾರಿಗೂ ತಿಳಿಯದಂತೆ ಸರಿಯಾದೆನೆಂದು ಸಮಾಧಾನಪಟ್ಟಿದ್ದೆ.

ಆದರೆ ಯಂತ್ರಕ್ಕೂ ನನಗೂ ಒಂದು ಅಂತರವುಂಟು. ಅದರಿಂದ ವೇಳೆ ಪಡೆಯುವ ಯಂತ್ರಗಳು ಸಾಮಾನ್ಯವಾಗಿ 64ರಿಂದ 1024 ಸೆಕೆಂಡಿಗೊಮ್ಮೆ ಮತ್ತೆ ಕೇಳುತ್ತಲೇ ಇರುತ್ತವೆ. ಅದು ತಿದ್ದಿಕೊಂಡರೆ ಅವೂ ತಿದ್ದಿಕೊಳ್ಳುತ್ತವೆ. ಪದವಿ ಪಡೆದು ಹೋದ ವಿದ್ಯಾರ್ಥಿ ಮತ್ತೆ ಬಂದು ಕೇಳುತ್ತಾನೆಯೆ?

ಹೋದ ತಿಂಗಳು ಅಂಥ ಒಬ್ಬ ಮನೆಗೆ ಬಂದಿದ್ದ. ಈಗ ಅವನೂ ಅಧ್ಯಾಪಕ. “ನಿಮ್ಮ ನೋಟ್ಸನ್ನು ಹಾಗೇ ಇಟ್ಟುಕೊಂಡಿದ್ದೇನೆ ಸಾರ್, ಅದರಿಂದಲೇ ಪಾಠ ಹೇಳುತ್ತೇನೆ” ಎಂದ. ಕಾಫಿ ಕೊಟ್ಟೆ, ಬಸ್ಸಿನವರೆಗೂ ಹೋಗಿ ಕಳಿಸಿಬಂದೆ; ಆ ಮಾತು ಬಾಯಿಗೆ ಬರಲಿಲ್ಲ. ನಿನ್ನೆ ಅವನಿಗೊಂದು ಕಾಗದ ಬರೆದು ಹಾಕಿದ್ದೇನೆ. ಅವನ ವರ್ಷದ ಉಳಿದವರ ವಿಳಾಸಗಳನ್ನೂ ಅದರಲ್ಲಿಯೇ ಕೇಳಿದ್ದೇನೆ.