ಬರೆಯದ ನಿಬ್ಬು

ಕುಮಟಾ ಪೇಟೆಯಲ್ಲಿ ಒಬ್ಬ ಸ್ಟೇಷನರಿ ಅಂಗಡಿಕಾರ ಇದ್ದಾನೆ ಅಂದುಕೊಳ್ಳಿ. ಹೊನ್ನಾವರವಾದರೂ ಸರಿ, ಭಟ್ಕಳವಾದರೂ ಸರಿ. ಜೂನ್ ಮಳೆ ಹಿಡಿದಾಗ ಶಾಲೆ ಮಕ್ಕಳಿಗೆ ಪಟ್ಟಿ, ಪೆನ್ಸಿಲ್ಲು ಮಾರ್ತಾನೆ. ಗಲ್ಲಾಪೆಟ್ಟಿಗೆ ಹಿಂದೆ ಒಂದು ತಗಡಿನ ಡಬ್ಬಿ. ಅದರ ತುಂಬ ಬರ್ಮಿಂಗ್‌ಹ್ಯಾಮಿನ ಹಳೇ ಉಕ್ಕಿನ ನಿಬ್ಬುಗಳು. ಉಪ್ಪುಗಾಳಿಗೆ ತುಕ್ಕು ಹಿಡೀಬಾರದು ಅಂತ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದಾನೆ. ಒಂದನ್ನೂ ಮಸಿಗೆ ಅದ್ದಿಲ್ಲ. ಅದ್ದಿದರೆ ಬೆಲೆ ಹೋಯ್ತು.

ನನ್ನ ಪ್ರಶ್ನೆ ಇಷ್ಟೆ: ಬರೆಯದ ನಿಬ್ಬು ನಿರ್ದೋಷಿಯೇ?

ಹೌದು ಅನ್ನೋರಿದ್ದಾರೆ. ತಪ್ಪು ಕೈಯದು, ನಿಬ್ಬಿನದಲ್ಲ. ಸೀಳಿನಲ್ಲಿ ಮಸಿ ತಾನಾಗಿ ಇಳಿಯುತ್ತೆ. ಅದಕ್ಕೆ ಧಣಿ ಯಾರು, ಒಕ್ಕಲು ಯಾರು ಗೊತ್ತಿಲ್ಲ. ಒಪ್ಪೋಣ. ಆದರೆ ನಮ್ಮ ಕರಾವಳಿಯ ಗೇಣಿ ಒಕ್ಕಲುಗಳನ್ನೂ ಒಂದು ಮಾತು ಕೇಳಬೇಕಲ್ಲ? ಅವರನ್ನು ಮುಳುಗಿಸಿದ್ದು ಬರೆದ ಪತ್ರ ಮಾತ್ರವಲ್ಲ, ಬರೆಯದೇ ಬಿಟ್ಟ ರಸೀದಿ ಕೂಡ. ಭತ್ತ ಅಳೆದು ಕೊಟ್ಟವನಿಗೆ ಸಿಕ್ಕಿದ್ದು ಬರೀ ಬಾಯಿಮಾತು.

1974ರ ಮಾರ್ಚ್ 1ರಿಂದ ಗೇಣಿಭೂಮಿ ಸರ್ಕಾರಕ್ಕೆ ಸೇರಿತು. ಉಳುವವನು ಏಳನೇ ನಮೂನೆ ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಾಯ್ತು. 1979ರ ಜೂನ್ 30 ಕೊನೇ ದಿನ. ಎಷ್ಟೋ ಒಕ್ಕಲು ಗೆದ್ದರು, ನಿಜ. ಆದರೆ 'ಕಾಗದ ಎಲ್ಲಿ?' ಅಂದಾಗ ಕಾಗದವೇ ಇಲ್ಲದವನು ಏನು ತೋರಿಸಬೇಕು? ಬಾಗಿದ ಬೆನ್ನನ್ನೇ? ಹೆಬ್ಬೆಟ್ಟನ್ನೇ? ಅಲ್ಲಿ ಧಣಿಯ ನಿಬ್ಬು ಒಣಗಿ ಕೂತಿತ್ತು. ಒಣಗಿ ಕೂತೇ ಹೊಲ ನುಂಗಿತು.

ಸುಮ್ಮನಿರುವುದೂ ಒಂದು ಬರಹವೇ, ಗೆಳೆಯರೇ.

ಇನ್ನೊಂದು ನಿಬ್ಬು ನೆನೆಯಿರಿ. ಸಂವಿಧಾನದ ಮೂಲ ಇಂಗ್ಲಿಷ್ ಪ್ರತಿ ಅಚ್ಚಿನದಲ್ಲ. ಪ್ರೇಮ್ ಬಿಹಾರಿ ನಾರಾಯಣ್ ರೈಜಾದಾ ಮಸಿಯಲ್ಲಿ ಅದ್ದಿ ಅದ್ದಿ ಕೈಯಿಂದ ಬರೆದದ್ದು. 1950ರ ಜನವರಿ 26ರಂದು ಜಾರಿಗೆ ಬಂದ ಅದರ ಹದಿನೇಳನೇ ವಿಧಿ, ಅಸ್ಪೃಶ್ಯತೆ ರದ್ದಾಯಿತು ಅನ್ನುತ್ತೆ. ಅದೂ ನಿಬ್ಬೇ, ರಸೀದಿ ಬರೆಯದೇ ಕೂತದ್ದೂ ನಿಬ್ಬೇ.

ಅಂಗಡಿಕಾರನ ಮೇಲೆ ನನಗೆ ಸಿಟ್ಟಿಲ್ಲ. ಜೋಪಾನ ಮಾಡೋದೂ ಒಂದು ಪ್ರೀತಿ. ಆದರೆ ಅವನ ಲೆಕ್ಕ ನೋಡಿ. ದಿನಾ ಬರೆದ ನಿಬ್ಬು ಬರೆದವನ ಕೈಗೆ ತಕ್ಕಂತೆ ಸವೆಯುತ್ತೆ. ಪೇಟೆಯಲ್ಲಿ ಅದಕ್ಕೆ ಕಾಸಿಲ್ಲ. ಸವೆದ ಕೈಗೂ ಕಾಸಿಲ್ಲ. ಕೆಲಸ ಮಾಡದೇ ಹೊಳೆಯೋದಕ್ಕೆ ಮಾತ್ರ ಬೆಲೆ. ಇದು ಬರೀ ನಿಬ್ಬಿನ ಲೆಕ್ಕವೇನು?

ನಾಳೆ ಮೀನು ಮಾರೋಳ ಮಗಳು ಅರ್ಜಿ ಬರೆಯೋಕೆ ಅಂಗಡಿಗೆ ಬಂದರೆ ಆ ಡಬ್ಬಿಯಿಂದ ಒಂದು ನಿಬ್ಬು ಕೊಡಲಿ. ಮೊದಲ ಅಕ್ಷರಕ್ಕೇ ಅದರ ಬೆಲೆ ಹೋಗುತ್ತೆ.

ಹೋಗಲಿ.