ಪ್ರಸ್ಥಾನವಿಘ್ನ

ಬೆಳ್ಳಟ್ಟಿಯಿಂದ ಹೊರಟು, ಲಕ್ಷ್ಮೇಶ್ವರವನ್ನು ಹಾದು ಹುಬ್ಬಳ್ಳಿಯ ವಿಮಾನನಿಲ್ದಾಣವನ್ನು ಸೇರಿದ ಗೃಹಸ್ಥನೊಬ್ಬನು, ಬೆಂಗಳೂರಿನ ವಿಮಾನವು ತಡವೆಂಬ ಪ್ರಕಟಣೆಯನ್ನು ಕೇಳಿ, ‘ಎಲ್ಲಾ ದೇವರ ಇಚ್ಛಾ’ ಎಂದು ಚೀಲವನ್ನು ಬದಿಗಿರಿಸಿ ಕುಳಿತುಬಿಡುವುದು ನಮ್ಮ ಸೀಮೆಯ ಸ್ವಭಾವಕ್ಕೆ ಸಹಜವಾದುದೇ. ಆ ಸಹನೆಯನ್ನು ನಾನು ಹಳಿಯಲಾರೆ. ಆದರೆ ಹಣ ಪಡೆದು ಒಯ್ಯುವೆನೆಂದು ಒಪ್ಪಿದ ಕಂಪನಿಯೂ ಅದೇ ಮಾತನ್ನಾಡಿದರೆ ಅದಕ್ಕೆ ಅದೇ ಬೆಲೆಯುಂಟೆ ಎಂಬುದು ಧರ್ಮಜಿಜ್ಞಾಸೆಗೆ ತಕ್ಕ ಪ್ರಶ್ನೆ.

ಪ್ರಶ್ನೆಯು ವಿಮಾನಕ್ಕಿಂತ ಬಹಳ ಹಳೆಯದು. ಹೊರೆ ಹೊತ್ತವನ ಕೈಯಲ್ಲಿ ಸರಕು ನಷ್ಟವಾದರೆ, ಆ ನಷ್ಟವು ರಾಜನಿಂದಲೋ ದೈವದಿಂದಲೋ ಒದಗಿದುದಲ್ಲದ ಪಕ್ಷದಲ್ಲಿ ಅವನೇ ಅದನ್ನು ತೆರತಕ್ಕದ್ದೆಂದೂ, ಹೊರಡುವ ಹೊತ್ತಿಗೆ ವಿಘ್ನವನ್ನೊಡ್ಡಿದವನು ಕೂಲಿಯ ಇಮ್ಮಡಿಯನ್ನು ಕೊಡತಕ್ಕದ್ದೆಂದೂ ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಪುಲಿಗೆರೆಯ ಈ ನಾಡನ್ನೂ ಒಳಗೊಂಡಿದ್ದ ಚಾಲುಕ್ಯರಾಜ್ಯದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಆ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ಮದುವೆ ಮುಂತಾದ ಶುಭಕಾರ್ಯಕ್ಕೆ ಹೊರಟವನನ್ನು ನಡುನೀರಿನಲ್ಲಿ ಕೈಬಿಡುವ ಕೂಲಿಯಾಳನ್ನೇ ಇಲ್ಲಿ ಮುಂದಿಡುತ್ತಾನೆ. ಮುಹೂರ್ತವು ಯಾರಿಗಾಗಿಯೂ ಕಾಯುವುದಿಲ್ಲವಷ್ಟೆ.

ಇಂದಿನ ವಿಧಿ ಅಷ್ಟು ಕಠಿನವಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2010ರಲ್ಲಿ ಹೊರಡಿಸಿ ಮುಂದೆ ತಿದ್ದುಪಡಿ ಮಾಡಿದ ನಿಯಮದಂತೆ, ಎರಡೂವರೆ ಗಂಟೆಯೊಳಗಿನ ಹಾರಾಟವು 2 ಗಂಟೆ ತಡವಾದರೆ, ಸಕಾಲದಲ್ಲಿ ಚೆಕ್-ಇನ್ ಮಾಡಿದವನಿಗೆ ಊಟ-ಉಪಾಹಾರ ಸಲ್ಲಬೇಕು. 6 ಗಂಟೆಗೂ ಮೀರುವುದಾದರೆ ಬೇರೆ ವಿಮಾನವನ್ನಾಗಲಿ ಪೂರ್ಣ ಹಣವನ್ನಾಗಲಿ ಅವನು ಆರಿಸಿಕೊಳ್ಳಬಹುದು. ಬರಿಯ ವಿಳಂಬಕ್ಕೆ ದಂಡರೂಪದ ಹಣವಿಲ್ಲ. ಸಕಾಲದಲ್ಲಿ ತಿಳಿಸದೆ ಹಾರಾಟವನ್ನೇ ರದ್ದುಮಾಡಿದರೆ, ಒಂದರಿಂದ ಎರಡು ಗಂಟೆಯ ಹಾರಾಟಕ್ಕೆ 7,500 ರೂಪಾಯಿ, ಇಲ್ಲವೆ ಮೂಲದರದೊಡನೆ ಇಂಧನಶುಲ್ಕ, ಯಾವುದು ಕಡಿಮೆಯೋ ಅದು. ಟಿಕೀಟು ತೆಗೆಯುವಾಗ ಸಂಪರ್ಕದ ವಿವರವನ್ನು ಸರಿಯಾಗಿ ಕೊಡದವನಿಗೆ ಅದೂ ಇಲ್ಲ; ಪೇಟೆಯ ಏಜೆಂಟನ ನಂಬರಿನಲ್ಲಿ ಟಿಕೀಟು ಮಾಡಿಸುವ ನಮ್ಮವರು ಇದನ್ನು ಗಮನಿಸಬೇಕು.

ಈ ನಿಯಮದಲ್ಲಿಯೂ ರಾಜನೂ ದೈವವೂ ಇದ್ದಾರೆ: ಸರಕಾರದ ಆಜ್ಞೆ, ಪ್ರವಾಹ, ಹವಾಮಾನ, ಮುಷ್ಕರ ಮುಂತಾಗಿ ಕಂಪನಿಯ ಕೈಮೀರಿದ ಕಾರಣಗಳಿದ್ದಲ್ಲಿ ಪರಿಹಾರಧನದ ಹೊಣೆಯಿಲ್ಲ. ಕೈಮೀರಿದುದು ಯಾವುದು ಎಂಬಲ್ಲಿಯೇ ನನ್ನ ತಕರಾರು. ಬೆಂಗಳೂರಿನ ಚಳಿಗಾಲದ ಮುಂಜಾವಿನಲ್ಲಿ ಮಂಜು ಕವಿಯುವುದು ವರ್ಷವರ್ಷದ ಸಂಗತಿ. ಒಂದು ಬೆಳಗಿನ ಮಂಜು ದೈವವಿರಬಹುದು, ಆದರೆ ಅದು ಬರುವುದೆಂದು ಬಲ್ಲವನು ಬಿಡುವಿಲ್ಲದ ವೇಳಾಪಟ್ಟಿಯನ್ನು ಹೆಣೆದು, ಬೆಳಗಿನ ತಡವನ್ನು ಸಂಜೆಯ ಹಾರಾಟದವರೆಗೂ ಎಳೆದು ತಂದರೆ, ಆ ಸಂಜೆಯ ತಡಕ್ಕೂ ದೈವವೇ ಹೊಣೆಯೆ? ದೈವಕ್ಕೆ ವಿನಾಯಿತಿಯಿತ್ತ ಯಾಜ್ಞವಲ್ಕ್ಯನೇ, ಒಂದೇ ಗಾಲಿಯಿಂದ ರಥವು ನಡೆಯದಂತೆ ಪುರುಷಪ್ರಯತ್ನವಿಲ್ಲದೆ ದೈವವೂ ಫಲಿಸದೆಂದಿದ್ದಾನೆ. ತನ್ನ ಪ್ರಯತ್ನವನ್ನೆಲ್ಲ ಮಾಡಿ ಮುಗಿಸಿದವನಿಗೆ ಮಾತ್ರ ದೈವದ ಹೆಸರನ್ನೆತ್ತುವ ಅಧಿಕಾರ. ಸಾಗಣೆದಾರನು ಯುಕ್ತವಾದ ಕ್ರಮಗಳನ್ನೆಲ್ಲ ಕೈಗೊಂಡಿದ್ದನೆಂದು, ಇಲ್ಲವೆ ಕೈಗೊಳ್ಳುವುದು ಅಸಾಧ್ಯವಾಗಿತ್ತೆಂದು ತೋರಿಸಿದರೆ ಮಾತ್ರ ವಿಳಂಬದ ನಷ್ಟದಿಂದ ಪಾರಾಗುವನೆಂಬ 1999ರ ಮಾಂಟ್ರಿಯಲ್ ಒಪ್ಪಂದದ ಆಶಯವೂ ಇದಕ್ಕೆ ದೂರವಲ್ಲ.

ಪ್ರಯತ್ನದ ಮಾತು ಪ್ರಯಾಣಿಕನಿಗೂ ಸಲ್ಲುತ್ತದೆ. ತಡದ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯುವುದು, ಬೋರ್ಡಿಂಗ್ ಪಾಸನ್ನು ಕಾಪಿಟ್ಟುಕೊಳ್ಳುವುದು, ಇವು ದೇವರ ಇಚ್ಛೆಗೆ ವಿರೋಧವಾದ ಕೆಲಸಗಳಲ್ಲ. ಅನ್ಯಾಯವಾಯಿತೆನಿಸಿದರೆ ಬೆಂಗಳೂರಿಗೆ ಅಲೆಯಬೇಕಾಗಿಯೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರನು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು ಅವಕಾಶವಿತ್ತಿರುವುದರಿಂದ, ಬೆಳ್ಳಟ್ಟಿಯವನು ಗದಗಕ್ಕೆ ಹೋದರೆ ಸಾಕು.