ಹೆಸರು ಹೇಳಬಹುದು, ಊರು ಹೇಳಬಹುದೆ?

ದಾರಿಯಲ್ಲಿ ಹೊಸಬರು ಎದುರಾದರೆ ಹೆಸರನ್ನೂ ಊರನ್ನೂ ಒಟ್ಟಿಗೇ ಕೇಳುವುದು ನಮ್ಮ ಕಡೆಯ ರೂಢಿ. ಈಗ ಗಿಡಕ್ಕೂ ಹಕ್ಕಿಗೂ ಅದೇ ಉಪಚಾರ ನಡೆದಿದೆ. ಹಂಪಿಯ ಬಂಡೆಗಳ ನಡುವೆ ಮೊಬೈಲು ಹಿಡಿದು ನಿಂತರೆ ಸಾಕು; ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿಶಾಸ್ತ್ರಜ್ಞರು 2014ರಲ್ಲಿ ಹೊರತಂದ ‘ಮರ್ಲಿನ್’ ಎಂಬ ಆ್ಯಪ್ ಈಗ ಚಿತ್ರ ನೋಡಿಯೂ ಕೂಗು ಕೇಳಿಯೂ ಹಕ್ಕಿಯ ಹೆಸರು ಹೇಳುತ್ತದೆ. ‘ಐನ್ಯಾಚುರಲಿಸ್ಟ್’ ಗಿಡ, ಹುಳು, ಹಾವುಗಳನ್ನೂ ಬಿಡುವುದಿಲ್ಲ.

ಇದನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ನಾವು ‘ಪಿಕಳಾರ’ ಎಂದು ಒಂದೇ ಮಾತಿನಲ್ಲಿ ಮುಗಿಸುವ ಹಕ್ಕಿಗಳಲ್ಲಿ ಹಳದಿ ಕೊರಳಿನದು ಬೇರೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಲೋಕದಲ್ಲಿ ಇನ್ನೆಲ್ಲಿಯೂ ಅದಿಲ್ಲ. ಹೆಸರು ಬೇರೆಯಾಗದಿದ್ದರೆ, ಗುಡ್ಡ ಕರಗಿದಾಗ ಅದರೊಡನೆ ಏನು ಹೋಯಿತೆಂಬುದೂ ತಿಳಿಯದು. ಗಣಿಯ ಧೂಳು ಕಂಡ ಸಂಡೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಪ್ಲಿಯ ಮೀನುಗಾರರಿಗೆ ನೀರುನಾಯಿಯನ್ನು ಗುರುತಿಸಲು ಯಾವ ಯಂತ್ರವೂ ಬೇಕಿರಲಿಲ್ಲ, ನಿಜ. ಆದರೂ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿಲೋಮೀಟರ್ ಹರಿವು ನೀರುನಾಯಿಗಳ ಸಂರಕ್ಷಿತ ಪ್ರದೇಶವಾಗಬೇಕಾದರೆ, ಅವು ಅಲ್ಲಿವೆಯೆಂಬುದು ಹೊರಗಿನವರಿಗೂ ತಿಳಿಯಲೇಬೇಕಿತ್ತು.

ಹಾಗಾದರೆ ತಿಳಿದದ್ದನ್ನೆಲ್ಲ ಹೇಳುವುದೇ ಧರ್ಮವೆ? ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆ ಎಂದು ಹೇಳಿಕೊಂಡೇ ಸಂಬಳ ತೆಗೆದುಕೊಳ್ಳುವವನು ನಾನು. ನಕ್ಷತ್ರ ಆಮೆಯ ಮುಂದೆ ಆ ಮಾತು ತಡವರಿಸುತ್ತದೆ. ಮನೆಯಲ್ಲಿ ಸಾಕುವ ಶೋಕಿಗಾಗಿ ಅದನ್ನು ಕದ್ದು ಸಾಗಿಸುವುದು ಎಷ್ಟು ಹೆಚ್ಚಿತೆಂದರೆ, 2019ರಲ್ಲಿ ದೇಶದೇಶಗಳ ನಡುವಿನ ಅದರ ವ್ಯಾಪಾರವನ್ನೇ ನಿಷೇಧಿಸಬೇಕಾಯಿತು. ದರೋಜಿಯ ಕುರುಚಲು ಕಾಡಿನಲ್ಲಿ ಆಮೆಯೊಂದನ್ನು ಕಂಡ ಹುಡುಗ ಹಿಗ್ಗಿ, ಚಿತ್ರ, ಹೆಸರು, ಜಾಗದ ಗುರುತು ಮೂರನ್ನೂ ಹತ್ತು ವಾಟ್ಸಾಪ್ ಗುಂಪುಗಳಿಗೆ ಕಳಿಸುತ್ತಾನೆನ್ನಿ. ಅವನ ಮನಸ್ಸಿನಲ್ಲಿ ಕೇಡಿಲ್ಲ. ಆದರೆ ಹತ್ತನೆಯ ಗುಂಪಿನಲ್ಲಿ ಯಾರಿದ್ದಾರೆಂದು ಅವನಿಗೇನು ಗೊತ್ತು?

ತಮಾಷೆಯೆಂದರೆ, ಐನ್ಯಾಚುರಲಿಸ್ಟ್‌ಗೇ ಈ ಸಂಕೋಚವಿದೆ. ಅಪಾಯದಲ್ಲಿರುವ ಜೀವಿಯಾದರೆ ಅದು ನಿಖರವಾದ ಜಾಗವನ್ನು ಮರೆಮಾಡಿ, ಸುತ್ತಲಿನ ಸೀಮೆಯನ್ನಷ್ಟೇ ತೋರಿಸುತ್ತದೆ. ಯಂತ್ರಕ್ಕೆ ಕಲಿಸಿದ ಮರ್ಯಾದೆಯನ್ನು ನಾವು ಕಲಿತಿಲ್ಲ.

ಗುಟ್ಟಿನಲ್ಲಿಯೂ ಕೇಡುಂಟು, ಯಾರಿಗೂ ತಿಳಿಯದ ಗುಡ್ಡದ ಪರವಾಗಿ ಮಾತಾಡುವವರು ಯಾರು? ಅರಣ್ಯ ಇಲಾಖೆಗೂ ಅಧ್ಯಯನ ಮಾಡುವವರಿಗೂ ಜಾಗ ಹೇಳಿ, ಗುಂಪಿಗೆ ಹೆಸರಷ್ಟೇ ಸಾಕು ಎನ್ನುವುದು ನನ್ನ ವಾದ. ‘‘ಅಧ್ಯಯನ ಮಾಡುವವರು ಯಾರು, ಮಾರುವವರು ಯಾರು ಅಂತ ಹೇಳೋ ಆ್ಯಪ್ ಇದೆಯಾ ಸರ್?’’ ಎಂದಳು ಒಬ್ಬ ವಿದ್ಯಾರ್ಥಿನಿ. ಇಲ್ಲ. ಸದ್ಯಕ್ಕೆ ನಮ್ಮ ಗುಂಪಿನಲ್ಲಿ ಆಮೆಯ ಚಿತ್ರದ ಕೆಳಗೆ ‘ಸಂಡೂರು ತಾಲ್ಲೂಕು’ ಎಂದಷ್ಟೇ ಬರೆಯುವುದೆಂದು ಆಗಿದೆ.